ಗಾಲಿ ಹಿಟ್ಟು

ನಮ್ಮ ಮನೆಗೆ ಮುಂಬಾಗಿಲು ಅಂತ ಬೇರೆ ಇರಲಿಲ್ಲ. ಮರಾಠಿ ಸೀಮೆಯ ದೇಹೂ ರೋಡಿನಲ್ಲಿ ರೈಲು ಹಳಿಗೆ ಬೆನ್ನು ಕೊಟ್ಟು ನಿಂತಿದ್ದ ತಗಡಿನ ಶೆಡ್ಡೇ ನಮ್ಮ ತಲೆಬಾಗಿಲು. ಲಗ್ನಪತ್ರಿಕೆ ಕೊಡಲು ಬಂದವರಾಗಲಿ, ಧಾರವಾಡದಿಂದ ಪೇಢಾ ಹೊತ್ತು ತಂದ ಸೋದರಮಾವನಾಗಲಿ, ಅರಿಶಿನ ಕುಂಕುಮಕ್ಕೆ ಬಂದ ನೆರೆಮನೆಯ ಹೆಂಗಸರಾಗಲಿ, ಕಳಚಿಟ್ಟ ಎರಡು ಗಾಲಿ, ಒಂದು ಜಾಕು, ಸೀಮೆಎಣ್ಣೆಯ ಬೋಗುಣಿ ಇಷ್ಟನ್ನು ದಾಟಿಯೇ ಒಳಗೆ ಬರಬೇಕು. ರೇಷ್ಮೆಸೀರೆಯ ನಿರಿಗೆ ಎತ್ತಿಹಿಡಿದು ಒಂದೊಂದೇ ಹೆಜ್ಜೆ ನೋಡಿ ಇಡುತ್ತಿದ್ದ ಆ ಹೆಂಗಸರನ್ನು ಕಂಡರೆ ನನಗೆ ಒಳಗೊಳಗೇ ನಗು. ಶೆಡ್ಡಿನ ಹಿಂದೆ ಎರಡು ಕೋಣೆ. ಒಂದರಲ್ಲಿ ನಾವೆಲ್ಲ ಮಲಗುತ್ತಿದ್ದೆವು, ಇನ್ನೊಂದು ಅಡಿಗೆಮನೆ. ಅಡಿಗೆಮನೆಗೂ ಶೆಡ್ಡಿಗೂ ನಡುವೆ ಒಂದೇ ಹೊಸ್ತಿಲು. ಒಳಗಿನ ಒಗ್ಗರಣೆಯ ಘಮ, ಹೊರಗಿನ ಗ್ರೀಸಿನ ವಾಸನೆ ಎರಡೂ ಒಟ್ಟಿಗೆ ಸಿಗುತ್ತಿದ್ದ ಆ ಜಾಗದಲ್ಲಿ ಕೂತು ನನ್ನ ಅರ್ಧ ಬಾಲ್ಯ ಕಳೆಯಿತು. ಈಗ ನನಗೆ ಅರವತ್ತು ದಾಟಿದೆ. ಅದೇ ಶೆಡ್ಡು ಸಿಮೆಂಟಿನದಾಗಿ ನನ್ನ ಹೆಸರಿನ ಬೋರ್ಡು ಹೊತ್ತು ನಿಂತಿದೆ. ಟ್ರೇಲರಿನ ಬ್ರೇಕು, ಹಬ್ಬು ರಿಪೇರಿಗೆ ಬರುವ ಹೊಸಬರು ಒಬ್ಬ ಮುದುಕಿ ಸ್ಪ್ಯಾನರ್ ಹಿಡಿದು ಎದ್ದು ಬರುವುದನ್ನು ಕಂಡು, "ಅಪ್ಪನಿಂದ ಕಲಿತಿರೇನು?" ಅನ್ನುತ್ತಾರೆ. ಅಪ್ಪನಿಂದಲೂ ಕಲಿತೆ ಅನ್ನುತ್ತೇನೆ. ಪೂರ್ತಿ ಹೇಳಬೇಕೆಂದರೆ ನಾನು ಎಂಟು ವರ್ಷದವಳಿದ್ದಾಗಿನ ಒಂದು ದಸರೆಯ ಸಂಗತಿ ಹೇಳಬೇಕು. ಅದಕ್ಕೆ ಪುರುಸೊತ್ತು ಬೇಕು, ಬಂದವರಿಗೆ ಗಾಲಿ ಬೇಗ ಬೇಕಾಗಿರುತ್ತದೆ.

ಸೈನ್ಯದವರು ಹರಾಜಿಗೆ ಹಾಕಿದ ಹಳೆಯ ಟ್ರೇಲರುಗಳನ್ನು ಸುತ್ತಲಿನ ರೈತರು ಕೊಳ್ಳುತ್ತಿದ್ದ ಕಾಲ ಅದು. ರೈತರ ಸಾದಾ ಟ್ರೇಲರಿಗೆ ಬ್ರೇಕೇ ಇರುತ್ತಿರಲಿಲ್ಲ, ಸೈನ್ಯದ್ದಕ್ಕೆ ಇತ್ತು. ಮುಂದಿನ ಟ್ರ್ಯಾಕ್ಟರು ನಿಧಾನವಾದ ಕೂಡಲೇ ಹಿಂದಿನ ಟ್ರೇಲರು ತನ್ನ ಭಾರಕ್ಕೆ ಮುಂದಕ್ಕೆ ಒತ್ತುತ್ತದೆ, ಆ ಒತ್ತಿಗೆ ಒಂದು ಸಲಾಕೆ ಸರಿದು ಎರಡೂ ಗಾಲಿಯ ಬ್ರೇಕು ತಾನಾಗಿ ಹಿಡಿಯುತ್ತದೆ. ಇದನ್ನು ರಿಪೇರಿ ಮಾಡಬಲ್ಲವರು ನಮ್ಮ ಕಡೆ ಕಡಿಮೆ, ಅಪ್ಪ ಬಲ್ಲವನಾಗಿದ್ದ. ಗಾಲಿಯ ನಡುವಿನ ಗುಂಡನೆಯ ಮನೆಗೆ ಹಬ್ ಅನ್ನುತ್ತಾರೆ. ಅದರೊಳಗೆ ಬೇರಿಂಗು ಗ್ರೀಸಿನಲ್ಲಿ ಮುಳುಗಿ ತಿರುಗಬೇಕು. ಅದಕ್ಕೆ ಅಂಟಿಕೊಂಡೇ ಇರುವುದು ಬ್ರೇಕಿನ ಡ್ರಮ್ಮು. ಅಲ್ಲಿ ಮಾತ್ರ ಒಂದು ಹನಿ ಜಿಡ್ಡು ಸಲ್ಲದು. ಜಗಳಾಡಿದ ವಾರಗಿತ್ತಿಯರ ನಡುವೆ ಗೋಡೆ ಎಬ್ಬಿಸಿದ ಹಾಗೆ ಎರಡರ ನಡುವೆ ಒಂದು ರಬ್ಬರಿನ ಉಂಗುರ ಕೂತಿರುತ್ತದೆ, ಅದೇ ಸೀಲು. ಆ ಸೀಲು ಹರಿಯಿತೋ, ಗ್ರೀಸು ಡ್ರಮ್ಮಿಗೆ ಇಳಿದು ಬ್ರೇಕಿನ ಲೈನರನ್ನು ತೋಯಿಸುತ್ತದೆ. ಲೈನರ್ ಅಂದರೆ ಬ್ರೇಕ್ ಶೂ ಮೇಲಿನ ಒರಟು ಪಟ್ಟಿ, ಡ್ರಮ್ಮನ್ನು ಉಜ್ಜಿ ಗಾಲಿಯನ್ನು ನಿಲ್ಲಿಸುವುದು ಅದೇ. ಅದು ತೊಯ್ದರೆ ಬ್ರೇಕು ಹಿಡಿದಂತೆ ಕಾಣುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ನಮ್ಮ ಅನ್ನ ನಡೆಯುತ್ತಿದ್ದದ್ದು ಈ ಹರಿದ ಸೀಲುಗಳ ಮೇಲೆ. ಅಪ್ಪ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ:

"ನಮ್ಮ ಕೈಯಾಗಿಂದ ಹ್ವಾದ ಗಾಡಿ ನಿಲ್ಲೂ ಅಂದಲ್ಲೆ ನಿಲ್ತದ."

ಅವನು 'ನಮ್ಮ' ಅನ್ನುತ್ತಿದ್ದದ್ದು ಸೊಕ್ಕಿಗಲ್ಲ, ಅಲ್ಲಿ ನಿಜಕ್ಕೂ ಇಬ್ಬರ ಕೈ ಇತ್ತು. ತೊಳೆದ ಬೇರಿಂಗಿಗೆ ಗ್ರೀಸು ತುಂಬುವ ಕೆಲಸ ಅವ್ವನದು. ಎಡಗೈ ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ಬಲಗೈಯಲ್ಲಿ ಬೇರಿಂಗು ಹಿಡಿದು, ಅಂಗೈಯ ಬುಡಕ್ಕೆ ಒತ್ತಿ ಒತ್ತಿ ಒಯ್ಯಬೇಕು. ಗ್ರೀಸು ಗುಂಡುಗಳ ನಡುವೆ ಹೊಕ್ಕು ಆಚೆ ಬದಿಗೆ ಎಳೆ ಎಳೆಯಾಗಿ ಇಣುಕುವ ತನಕ ಬಿಡಬಾರದು. ದಿನಾ ಮೂವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದ ಅಂಗೈ ಅದು. ಎಲ್ಲಿ ಒತ್ತಬೇಕು, ಎಷ್ಟು ತಿರುವಬೇಕು ಅದಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ತುಂಬಿದ ಬೇರಿಂಗಿನಲ್ಲಿ ಎಲ್ಲಾದರೂ ಪೊಳ್ಳು ಉಳಿಯುತ್ತಿತ್ತು, ಅವ್ವನದರಲ್ಲಿ ಉಳಿದದ್ದನ್ನು ನಾನು ಕಂಡಿಲ್ಲ. ಬಂದವರು ಹೆಣ್ಣುಮಗಳು ಗ್ರೀಸಿಗೆ ಕೈ ಹಾಕಿದ್ದನ್ನು ನೋಡಿ ಹುಬ್ಬೇರಿಸಿದರೆ ಅವ್ವ ತಲೆ ಎತ್ತುತ್ತಲೂ ಇರಲಿಲ್ಲ. ಅವಳ ಮರಾಠಿ ಕಚ್ಚಾ. ನಲ್ಲಿಯ ಹತ್ತಿರ ಹೆಂಗಸರು ನಕ್ಕಿದ್ದೇ ನೆಪವಾಗಿ, ಮನೆಯ ಹೊರಗೆ ಅವಳು ಮರಾಠಿಯಲ್ಲಿ ಹೂಂ, ನಾಹೀ ಬಿಟ್ಟು ಮೂರನೆಯ ಮಾತು ಆಡುತ್ತಿರಲಿಲ್ಲ. ಗಿರಾಕಿಗಳ ಜೊತೆ ಮಾತೆಲ್ಲ ಅಪ್ಪನದು, ಅವನಿಗೆ ಅದು ಇಷ್ಟವೂ ಇತ್ತು.

ಅವ್ವನ ಇನ್ನೊಂದು ಪದ್ಧತಿಯಿಂದಾಗಿ ಮನೆಯಲ್ಲಿ ನಿತ್ಯ ರಂಪ. ಬ್ರೇಕು ಮುಚ್ಚುವ ಮೊದಲು ಅವಳು ಲೈನರಿನ ಮೇಲೆ ಒಂದು ಚಿಟಿಕೆ ಒಣ ಜೋಳದ ಹಿಟ್ಟು ಉದುರಿಸಿ ಉಫ್ ಎಂದು ಊದುತ್ತಿದ್ದಳು. ಹಿಟ್ಟು ಹಾರಿಹೋದರೆ ಲೈನರು ಶುದ್ಧ. ಜಿಡ್ಡಿದ್ದಲ್ಲಿ ಹಿಟ್ಟು ಕಚ್ಚಿಕೊಂಡು ಕಪ್ಪಾಗುತ್ತಿತ್ತು. ಕಣ್ಣಿಗೆ ಕಾಣದ ಜಿಡ್ಡನ್ನೂ ಹಿಟ್ಟು ಬಿಡುತ್ತಿರಲಿಲ್ಲ. ಆದರೆ ಹಿಟ್ಟಿನ ಡಬ್ಬಿ ಅಜ್ಜಿಯ ಸುಪರ್ದಿಯಲ್ಲಿತ್ತು. ಅಜ್ಜಿ ಅಪ್ಪನ ತಾಯಿ, ಮಡಿಯ ಹೆಂಗಸು. ಸ್ನಾನವಿಲ್ಲದ ಕೈ ಆ ಡಬ್ಬಿಗೆ ಸೋಕಿದರೆ ಇಡೀ ಹಿಟ್ಟನ್ನು ಎಮ್ಮೆಗೆ ಹಾಕಿಸಿಬಿಡುತ್ತಿದ್ದಳು.

"ಉಣ್ಣೂ ಹಿಟ್ಟಿದು. ಗಾಲಿಗ್ಯಾಕ ಬೇಕವ್ವಾ ರೊಟ್ಟಿ? ಅದೇನು ನಿನ್ನ ಹಡದ ಮಗನೇನು?"

"ಒಂದ ಚಿಟಿಕಿ ರೀ ಅತ್ತಿ."

"ಇವತ್ತ ಚಿಟಿಕಿ, ನಾಳೆ ಮುಟಿಗಿ."

ಕೊಡುವುದಂತೂ ಕೊಡುತ್ತಿದ್ದಳು, ಮೇಲಿನಿಂದ, ಮುಟ್ಟದ ಹಾಗೆ ಕಾಗದದ ಮೇಲೆ ಉದುರಿಸಿ. ಆಮೇಲೆ ಅರ್ಧ ತಾಸು ಗೊಣಗುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಸೋಲುವ ಜಾತಿಯವರಲ್ಲ. ನಾನು ಯಾರ ಮೇಲೆ ಹೋಗಿದ್ದೇನೆ ಎಂದು ಕೇಳಿದವರಿಗೆ ಇಬ್ಬರ ಮೇಲೂ ಅನ್ನುತ್ತೇನೆ.

ದೌಂಡ ಕಡೆಯ ರೈತ ದತ್ತೂಭಾವೂ ಪ್ರತಿವರ್ಷ ದಸರೆಯ ಹೊತ್ತಿಗೆ ಬರುತ್ತಿದ್ದ. ದಸರೆ ಮುಗಿದರೆ ಕಬ್ಬು ಕಡಿಯುವ ಹಂಗಾಮು, ಅದಕ್ಕೆ ಮೊದಲು ಗಾಡಿ ತೋರಿಸಿಕೊಂಡು ಹೋಗಬೇಕು. ದೌಂಡದಲ್ಲಿ ಗ್ಯಾರೇಜು ಇರಲಿಲ್ಲವೆಂದಲ್ಲ. ಅವನ ಹೊಲ ಭೀಮಾ ನದಿಯ ದಂಡೆಗೆ, ಅಲ್ಲಿಗೆ ಇಳಿಯುವ ದಾರಿ ಕಡಿದಾದದ್ದು. ಕಬ್ಬು ಕಡಿಯುವ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಖಾಲಿ ಟ್ರೇಲರಿನಲ್ಲಿ ಕೂತು ಆ ಇಳಿಜಾರು ಇಳಿಯುತ್ತಿದ್ದರು. ಅದಕ್ಕೇ ಅವನು ಇಡೀ ಒಂದು ದಿನದ ಹಾದಿ ಟ್ರ್ಯಾಕ್ಟರು ಹೊಡೆದು, ದಾರಿಯಲ್ಲಿ ಸಿಗುವ ಶಹರದ ಶಿವಾಜಿನಗರದ ಗದ್ದಲದಲ್ಲಿ ಬೈಸಿಕೊಂಡು, ನಮ್ಮಲ್ಲಿಗೇ ಬರುತ್ತಿದ್ದ. ಜೊತೆಗೆ ಅವನ ತಾಯಿ. ನಾವೂ ಅವರನ್ನು ಆಯಿ ಅನ್ನುತ್ತಿದ್ದೆವು. ಟ್ರೇಲರಿನಲ್ಲಿ ಗೋಣಿಚೀಲದ ಮೇಲೆ ಕೂತು, ತುಳಸಿಮಾಲೆ ಎಣಿಸುತ್ತ ಬರುತ್ತಿದ್ದರು, ಮಗ ಗಾಡಿ ರಿಪೇರಿ ಮಾಡಿಸುವಷ್ಟರಲ್ಲಿ ಹತ್ತಿರದ ದೇಹೂ ಕ್ಷೇತ್ರಕ್ಕೆ ಹೋಗಿ ದೇವರ ದರ್ಶನ ಮುಗಿಸುವುದು ಅವರ ನೇಮ.

ಆ ವರ್ಷ ಅವರು ಅಷ್ಟಮಿಯ ದಿನ ಬೆಳಿಗ್ಗೆ ಬಂದರು. ಗಾಡಿ ನಿಂತ ಕೂಡಲೇ ಅಪ್ಪ ಗಾಲಿಯ ಒಳಮೈಗೆ ಬಗ್ಗಿ ನೋಡಿದ. ಟೈರಿನ ಒಳಬದಿಯಲ್ಲಿ ಕಪ್ಪು ಗೆರೆಗಳು ಹರಿದಿದ್ದವು. ಎರಡೂ ಬದಿಯ ಸೀಲು ಹೋಗಿತ್ತು. ಹಬ್ಬು ಕಳಚಿದರೆ ಡ್ರಮ್ಮಿನ ತುಂಬ ಗ್ರೀಸು, ಲೈನರುಗಳು ತೊಯ್ದು ತಪ್ಪಡಿ. ಬರುವಾಗಲೇ ದತ್ತೂಭಾವೂನಿಗೆ ಅನುಮಾನ ಬಂದಿತ್ತಂತೆ, ಇಳಿಜಾರು ಕಂಡಲ್ಲೆಲ್ಲ ಎತ್ತು ನಡೆದಷ್ಟು ಮೆಲ್ಲಗೆ ಬಂದಿದ್ದ. ಅವತ್ತು ಅಪ್ಪ ಅವ್ವ ಹೊತ್ತಿಗೆ ಸರಿಯಾಗಿ ಉಣ್ಣಲೂ ಇಲ್ಲ. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದರು, ಡ್ರಮ್ಮನ್ನು ಪೆಟ್ರೋಲ್ ಬಟ್ಟೆಯಿಂದ ಉಜ್ಜಿ ಬೆಳ್ಳಗೆ ಮಾಡಿದರು, ನಾಲ್ಕು ಶೂಗಳಿಗೂ ಹೊಸ ಲೈನರು ಬಡಿದರು. ಕೊನೆಗೆ ಅವ್ವ ಹಿಟ್ಟು ಉದುರಿಸಿ ಊದಿದಳು. ನಾಲ್ಕರ ಮೇಲಿನದೂ ಧೂಳಾಗಿ ಹಾರಿತು. ಅಷ್ಟರಲ್ಲಿ ಸಂಜೆಯಾಗಿತ್ತು. ಮರುದಿನ ಖಂಡೇನವಮಿ, ಆಯುಧಪೂಜೆ. ಪೂಜೆಗೆ ಇಟ್ಟ ಉಪಕರಣವನ್ನು ದಸರೆಯ ಬೆಳಿಗ್ಗೆ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಜೋಡಿಸುವುದು ದಸರೆಗೇ ಅಂತ ತೀರ್ಮಾನವಾಯಿತು. ದತ್ತೂಭಾವೂ ಆಯಿಯನ್ನು ಕರೆದುಕೊಂಡು ದೇಹೂವಿಗೆ ಹೋದ, ಎರಡು ರಾತ್ರಿ ಅಲ್ಲಿಯೇ ಧರ್ಮಶಾಲೆಯಲ್ಲಿ ಉಳಿಯುತ್ತೇವೆ ಅಂದ.

ನವಮಿಯ ಬೆಳಿಗ್ಗೆ ಶೆಡ್ಡು ತೊಳೆದು, ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟಿ, ನಡುವೆ ಹಳೆಯ ಕಂಬಳಿ ಹಾಸಿದರು. ಅದರ ಮೇಲೆ ಸಾಲಾಗಿ ಸ್ಪ್ಯಾನರು, ಸುತ್ತಿಗೆ, ಜಾಕು, ಬೇರಿಂಗು ಕೀಳುವ ಪುಲ್ಲರು, ಸಾಲಿನ ಕೊನೆಗೆ ದತ್ತೂಭಾವೂನ ನಾಲ್ಕು ಬ್ರೇಕ್ ಶೂ. ನಮ್ಮಲ್ಲಿ ಪೂಜೆಗೆ ಮೊದಲು ಉಪಕರಣಗಳಿಗೆ ಎಣ್ಣೆ ಹಚ್ಚುವ ವಾಡಿಕೆ. ಹಬ್ಬದ ದಿನ ಮನೆಮಂದಿಗೆಲ್ಲ ಎಣ್ಣೆ ನೀರು ಆಗುತ್ತದೆ, ಅವಕ್ಕೂ ಆಗಬೇಕು ಅಂತ ಅಜ್ಜಿಯ ನ್ಯಾಯ. ಆ ವರ್ಷ ಮೊದಲ ಸಲ ಅಪ್ಪ ಕುಸುಬಿ ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟ.

"ಎಲ್ಲಾಕ್ಕೂ ಒಂದ್ ಕೈ ಆಡಸು. ಮಿರಿಮಿರಿ ಅನ್ನಬೇಕು ನೋಡು."

ನನಗೆ ಆಕಾಶ ಮೂರೇ ಗೇಣು. ಹೊಸ ಲಂಗವನ್ನು ಮೊಣಕಾಲಿಗೆ ಸಿಕ್ಕಿಸಿ ಕೂತು ಒಂದೊಂದನ್ನೇ ತೊಡೆಯ ಮೇಲಿನ ಬಟ್ಟೆಗೆ ಇಟ್ಟುಕೊಂಡು ತಿಕ್ಕಿದೆ. ಕೊನೆಗೆ ಶೂಗಳು ಬಂದವು. ಹೊಸ ಲೈನರುಗಳು ಬೂದುಬಣ್ಣದವು, ಒಣಗಿ ಒರಟಾಗಿದ್ದವು, ಎಷ್ಟು ದಿನದಿಂದ ತಲೆಗೆ ಎಣ್ಣೆ ಕಾಣದ ಮಕ್ಕಳೋ ಅನಿಸಿತು. ಗ್ರೀಸು ಬ್ರೇಕಿನ ವೈರಿ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗ್ರೀಸು ಕಪ್ಪಗೆ, ಹೊಲಸು. ಇದು ಒಗ್ಗರಣೆಯ ಎಣ್ಣೆ, ದೇವರ ದೀಪದ ಎಣ್ಣೆ. ಎರಡೂ ಒಂದೇ ಎಂದು ಎಂಟು ವರ್ಷದ ತಲೆಗೆ ಹೊಳೆಯಲಿಲ್ಲ. ಸ್ಪ್ಯಾನರಿಗಿಂತ ಅವಕ್ಕೇ ಹೆಚ್ಚು ಹಚ್ಚಿದೆ. ಹಚ್ಚಿದಷ್ಟೂ ಕುಡಿದವು. ಸ್ವಲ್ಪ ಹೊತ್ತಿಗೆ ಏನೂ ಹಚ್ಚಿಯೇ ಇಲ್ಲವೆಂಬಂತೆ ಮತ್ತೆ ಒಣಗಿ ಕಂಡವು. ಕುಂಬಾರಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಅಪ್ಪ ಅವ್ವ ಇಡೀ ದಿನ ಬಗ್ಗಿ ಮಾಡಿದ ಕೆಲಸವನ್ನು ನಾನು ಭಕ್ತಿಯಿಂದ, ಹಾಡು ಗುನುಗುತ್ತ ಹಾಳು ಮಾಡಿದ್ದೆ. ಆಮೇಲೆ ಅಜ್ಜಿ ಎಲ್ಲಕ್ಕೂ ಅರಿಶಿನ ಕುಂಕುಮ ಏರಿಸಿದಳು.

ದಸರೆಯ ಬೆಳಿಗ್ಗೆ ಮಂಗಳಾರತಿ ಮುಗಿಸಿ ಅಪ್ಪ ಕೆಲಸಕ್ಕೆ ಕೂತ. ಶೂ ಮೇಲಿನ ಕುಂಕುಮವನ್ನು ಬಟ್ಟೆಯಿಂದ ಕೊಡವಿ ಜೋಡಿಸಿದ. ಹಿಟ್ಟಿನ ಪರೀಕ್ಷೆ ಅಷ್ಟಮಿಗೇ ಆಗಿತ್ತಲ್ಲ, ಮತ್ತೆ ಮಾಡುವ ಯೋಚನೆ ಯಾರಿಗೂ ಬರಲಿಲ್ಲ. ಅವ್ವ ತುಂಬಿಟ್ಟಿದ್ದ ಬೇರಿಂಗು, ಹೊಸ ಸೀಲು, ಹಬ್ಬು, ಗಾಲಿ ಎಲ್ಲ ಕೂತವು. ಅಷ್ಟರಲ್ಲಿ ದತ್ತೂಭಾವೂ, ಆಯಿ ದೇಹೂವಿನಿಂದ ಬಂದರು. ಹಬ್ಬದ ದಿನ ಬಂದವರನ್ನು ಹಾಗೇ ಕಳಿಸುವ ಮನೆಯೇ ನಮ್ಮದು? ಊಟಕ್ಕೆ ಕೂಡಿಸಿದರು. ಹೂರಣದ ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ. ತುಪ್ಪ ಬಡಿಸುವ ಕೆಲಸ ನನ್ನದು. ಊಟವಾದ ಕೂಡಲೇ ಹೊರಟು ಕತ್ತಲಾಗುವುದರೊಳಗೆ ನಡುದಾರಿಯ ಯವತ ಮುಟ್ಟುತ್ತೇವೆ ಎಂದು ದತ್ತೂಭಾವೂ ಹೇಳುತ್ತಿದ್ದ. ಅಪ್ಪನಿಗೆ ಹೋಳಿಗೆ ಬಾಯಿಗಿಟ್ಟರೆ ಮಾತು ಜಾಸ್ತಿ. ಮರಾಠಿಯಲ್ಲಿ ವಿವರಿಸುತ್ತ ಕೂತ: ಗ್ರೀಸೇ ಆಗಬೇಕಂತಿಲ್ಲ ಭಾವೂ, ಯಾವ ಎಣ್ಣೆಯಾದರೂ ಅಷ್ಟೇ, ಲೈನರು ಒಮ್ಮೆ ಎಣ್ಣೆ ಕುಡಿಯಿತು ಅಂದರೆ ಮುಗಿಯಿತು, ಮೇಲೆ ಒಣಗಿದಂತೆ ಕಾಣುತ್ತದೆ, ಕಾವು ಹತ್ತಿದ ಕೂಡಲೇ ಒಳಗಿನದೆಲ್ಲ ಹೊರಗೆ ಬರುತ್ತದೆ, ಇಳಿಜಾರಿನಲ್ಲಿ ಕೈ ಕೊಡುತ್ತದೆ.

ನನ್ನ ಕೈಯಲ್ಲಿ ತುಪ್ಪದ ಮಿಳ್ಳಿ ಇತ್ತು. ಎದುರಿಗೆ ಆಯಿಯ ಎಲೆ. ಹಲ್ಲಿಲ್ಲದ ಬಾಯಲ್ಲಿ ಹೋಳಿಗೆಯನ್ನು ತುಪ್ಪದಲ್ಲಿ ನೆನೆಸಿ ನೆನೆಸಿ ತಿನ್ನುತ್ತಿದ್ದರು. ಇನ್ನು ಅರ್ಧ ತಾಸಿಗೆ ಅವರು ಆ ಟ್ರೇಲರಿನಲ್ಲಿ ಗೋಣಿಚೀಲದ ಮೇಲೆ ಕೂರುತ್ತಾರೆ. ಆಮೇಲೆ ಕಬ್ಬು ಕಡಿಯುವ ಹೆಂಗಸರು ಕೂರುತ್ತಾರೆ, ಅವರ ಮಕ್ಕಳು ಕೂರುತ್ತಾರೆ. ಹೇಳಿದರೆ ಹಬ್ಬದ ದಿನ ಗಿರಾಕಿಯ ಮುಂದೆ ಅಪ್ಪನ ಮರ್ಯಾದೆ ಹೋಗುತ್ತದೆ, ದೌಂಡದಿಂದ ಇನ್ನೊಬ್ಬ ಬರುವುದಿಲ್ಲ. ಹೇಳದಿದ್ದರೆ ಆಯಿ. ಮಿಳ್ಳಿಯನ್ನು ನೆಲಕ್ಕಿಟ್ಟು ಅಡಿಗೆಮನೆಗೆ ಹೋದೆ. ಅಜ್ಜಿ ಒಲೆಯ ಮುಂದೆ ಕೂತಿದ್ದಳು. ಅವಳು ನೋಡುತ್ತಿರುವಾಗಲೇ, ಬಡಿಸಿದ ಮುಸುರೆ ಕೈಯನ್ನೇ ಅವಳ ಹಿಟ್ಟಿನ ಡಬ್ಬಿಗೆ ಹಾಕಿ ಮುಷ್ಟಿ ತುಂಬ ಹಿಟ್ಟು ತೆಗೆದುಕೊಂಡೆ. ಅಜ್ಜಿ ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿದಳು. ನಾನು ಎಲೆ ಹಾಕಿದ್ದ ಕೋಣೆಗೆ ಬಂದು, ಪಲ್ಯ ಬಡಿಸುತ್ತಿದ್ದ ಅವ್ವನ ಮುಂದೆ ಮುಷ್ಟಿ ಬಿಚ್ಚಿ ಹಿಡಿದೆ.

ಅವ್ವ ಹಿಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. ಸೌಟು ಪಾತ್ರೆಯಲ್ಲಿ ಇಟ್ಟಳು.

"ಯಾವ ಗಾಲಿ?"

"ಎರಡೂ."

"ಏನ್ ಹಚ್ಚಿದಿ?"

"ಕುಸುಬಿ ಎಣ್ಣಿ. ಪೂಜಾಕ್ಕಂತ."

ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ದತ್ತೂಭಾವೂನಿಗಾಗಲಿ ಆಯಿಗಾಗಲಿ ಕನ್ನಡ ಬರುತ್ತಿರಲಿಲ್ಲ. ಮಗು ಏನೋ ಹಠ ಮಾಡುತ್ತಿದೆ ಎಂದುಕೊಂಡು ನಗುತ್ತ ಕೂತಿದ್ದರು. ಅಪ್ಪ ನಗುಮುಖ ಬದಲಿಸದೆ, ಉಪ್ಪು ಕೇಳಿದ ದನಿಯಲ್ಲಿ, ಕನ್ನಡದಲ್ಲಿ ಹೇಳಿದ:

"ಈಗ ಬ್ಯಾಡ ಬಿಡು. ಒಂದ್ ನಾಕು ಸಲ ಬ್ರೇಕ್ ಹಿಡದ್ರ ಎಣ್ಣಿ ಸುಟ್ಟು ಹೋಗ್ತದ. ಮಂದೀ ಮುಂದ ಮಾನ ಕಳಕೋಬ್ಯಾಡ."

ನಮ್ಮ ಅಪ್ಪ ಕೆಟ್ಟವನಲ್ಲ, ಮೋಸಗಾರ ಮೊದಲೇ ಅಲ್ಲ. ಐದು ನಿಮಿಷದ ಹಿಂದೆ ತಾನೇ ಕೊಟ್ಟ ಭಾಷಣ ಅವನಿಗೆ ಮರೆತಿರಲೂ ಇಲ್ಲ. ಆ ಭಾಷಣ ಕೊಟ್ಟ ಬಾಯಿಂದಲೇ ತಪ್ಪು ಒಪ್ಪಿಕೊಳ್ಳಬೇಕಲ್ಲ ಎಂಬುದೇ ಅವನಿಗೆ ನುಂಗಲಾಗದ ತುತ್ತಾಗಿತ್ತು. ಆ ಹೊತ್ತು ಅವನಿಗೆ ಕನ್ನಡ ಒಳ್ಳೆಯ ಪರದೆಯಾಗಿ ಒದಗಿತು. ಪರನಾಡಿನಲ್ಲಿ ನಮ್ಮ ಭಾಷೆ ಎಷ್ಟು ಸಲ ನಮಗೆ ಹೀಗೆ ಒದಗಿದೆ! ಅಂಗಡಿಯವನ ಮುಂದೆ, ಮನೆಮಾಲೀಕನ ಮುಂದೆ, ಬಸ್ಸಿನಲ್ಲಿ. ಅವತ್ತೂ ಅವ್ವ ಸುಮ್ಮನಿದ್ದಿದ್ದರೆ ಮಾತು ಆ ಪರದೆಯ ಹಿಂದೆಯೇ ಮುಗಿದುಹೋಗುತ್ತಿತ್ತು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ದತ್ತೂಭಾವೂನ ಎಲೆಯ ಮುಂದೆ ಹೋಗಿ ನಿಂತಳು. ನಲ್ಲಿಯ ಹತ್ತಿರ ಹೂಂ, ನಾಹೀ ಬಿಟ್ಟು ಮೂರನೆಯ ಮಾತಾಡದವಳು, ತನ್ನ ಮುರುಕು ಮರಾಠಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಭಾವೂ, ಥಾಂಬಾ. ಚೂಕ ಆಮಚೀ. ಬ್ರೇಕ ಲಾಗಣಾರ ನಾಹೀ."

ನಿಲ್ಲಿ, ತಪ್ಪು ನಮ್ಮದು, ಬ್ರೇಕು ಹಿಡಿಯುವುದಿಲ್ಲ. ಇಷ್ಟೇ. ಅಲ್ಲಿ ಯಾರೂ ಅವಳ ಮರಾಠಿಗೆ ನಗಲಿಲ್ಲ. ನನಗೆ ಅಂಜಿಕೆ ಹೋಗಿರಲಿಲ್ಲ, ಅದರ ನಡುವೆಯೂ ಇವಳು ನಮ್ಮವ್ವ ಅಂತ ಎದೆ ಉಬ್ಬಿತು. ಆ ಎರಡೂ ಒಟ್ಟಿಗೆ ಆದದ್ದು ಇವತ್ತಿಗೂ ಮೈಗೆ ನೆನಪಿದೆ.

ಉಂಡ ಎಲೆ ಹಾಗೇ ಬಿಟ್ಟು ಎಲ್ಲರೂ ಶೆಡ್ಡಿಗೆ ಬಂದೆವು. ಅಪ್ಪ ಜಾಕು ಏರಿಸಿದ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು ಚಟಚಟ ಅನ್ನುತ್ತಿತ್ತು. ಅವ್ವ ಹಬ್ಬದ ಇಳಕಲ್ ಸೀರೆಯಲ್ಲೇ ಕೂತು, ಹೊಸ ಹಸಿರು ಬಳೆಗಳನ್ನು ಮೊಳಕೈತನಕ ಏರಿಸಿ ಚಿಂದಿಯಿಂದ ಕಟ್ಟಿಕೊಂಡಳು. ಗಾಲಿ ಬಂತು, ಹಬ್ಬು ಬಂತು. ಅವ್ವ ನನ್ನ ಮುಷ್ಟಿಯಲ್ಲಿ ಉಳಿದಿದ್ದ ಹಿಟ್ಟನ್ನೇ ಒಂದು ಶೂ ಮೇಲೆ ಉದುರಿಸಿದಳು.

"ಊದು."

ಊದಿದೆ. ಹಿಟ್ಟು ಏಳಲಿಲ್ಲ. ಒದ್ದೆಯಾಗಿ, ಹಳದಿ ತಿರುಗಿ, ಕೂತಲ್ಲೇ ಕೂತಿತು. ಅವ್ವ ಆ ಶೂವನ್ನು ಎತ್ತಿ ದತ್ತೂಭಾವೂನ ಕೈಗೆ ಕೊಟ್ಟಳು. ಅವನು ಬೆರಳಿಂದ ಉಜ್ಜಿ ನೋಡಿದ, ಮೂಸಿದ, ತಾಯಿಯ ಕಡೆ ನೋಡಿದ. ಬೈಯುತ್ತಾನೆ ಎಂದು ಕಾದೆವು. ಅವನು ಶೂವನ್ನು ಮೆಲ್ಲಗೆ ನೆಲಕ್ಕಿಟ್ಟು ಕೈ ಒರೆಸಿಕೊಂಡ. ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮುಂದೇನು? ದಸರೆಯ ದಿನ ಯಾವ ಅಂಗಡಿ ತೆರೆದಿರುತ್ತದೆ? ಎಣ್ಣೆ ಕುಡಿದ ಲೈನರನ್ನು ತೊಳೆದು ಹಾಕುವುದು ಅವ್ವನ ಪದ್ಧತಿಯಲ್ಲಿ ಇರಲಿಲ್ಲ. ಆಗ ಅಪ್ಪ ಎದ್ದ. ಶೆಡ್ಡಿನ ಪಕ್ಕದಲ್ಲಿ ನಮ್ಮದೇ ಒಂದು ಟ್ರೇಲರು ನಿಂತಿತ್ತು, ಅದೇ ಹರಾಜಿನದು, ಅದೇ ಜಾತಿಯದು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ, ಪ್ರತಿ ನವಮಿಗೂ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಹಾರ. ಆ ಹಾರವನ್ನು ಬದಿಗೆ ಸರಿಸಿ ಅದರ ಗಾಲಿಗೆ ಸ್ಪ್ಯಾನರ್ ಹಾಕಿದ. ತನ್ನ ಗಾಡಿಯ ನಾಲ್ಕೂ ಶೂ ಬಿಚ್ಚಿ ತಂದು ಅವ್ವನ ಮುಂದೆ ಇಟ್ಟ. ಆಮೇಲೆ ಹೊಸ್ತಿಲಲ್ಲಿ ನಿಂತಿದ್ದ ಅಜ್ಜಿಗೆ, ಅವಳು ಕೇಳದಿದ್ದರೂ, ಹೇಳಿದ:

"ಹುಡುಗೀದೇನು ತಪ್ಪಿಲ್ಲ. ಎಲ್ಲಾಕ್ಕೂ ಹಚ್ಚು ಅಂದಾಂವ ನಾನು."

ಅಪ್ಪ ಅಷ್ಟು ಹೇಳಿದ್ದು ನನಗೆ ಸಾಕಾಯಿತು. ತಪ್ಪಿದ್ದನ್ನು ತಿದ್ದಿಕೊಳ್ಳಲು ಅವನು ತೆಗೆದುಕೊಂಡದ್ದು ಒಂದು ಗಾಲಿ ಬಿಚ್ಚುವಷ್ಟು ಹೊತ್ತು. ಅದಕ್ಕಿಂತ ಎಷ್ಟೋ ಹೆಚ್ಚು ತಗೊಳ್ಳುವ ದೊಡ್ಡ ಮನುಷ್ಯರನ್ನು ಆಮೇಲೆ ನಾನು ಕಂಡಿದ್ದೇನೆ. ಹೊಸ ಲೈನರಿಗೆ ದುಡ್ಡು ಕೂಡದೆ ನಮ್ಮ ಟ್ರೇಲರು ದೀಪಾವಳಿ ದಾಟುವ ತನಕ ಕಲ್ಲಿನ ಮೇಲೆ ನಿಂತಿತ್ತು, ಸಾಮಾನನ್ನು ಅಪ್ಪ ಕೈಗಾಡಿಯಲ್ಲಿ ತಳ್ಳಿ ತಂದ.

ಬಿಚ್ಚಿದ ಬೇರಿಂಗಿಗೆ ಧೂಳು ಬಿದ್ದಿತ್ತು, ಅವನ್ನು ಮತ್ತೆ ತೊಳೆದು ಮತ್ತೆ ಗ್ರೀಸು ತುಂಬಬೇಕಾಯಿತು. ಅವ್ವ ಒಂದನ್ನು ತುಂಬುವಷ್ಟರಲ್ಲಿ ಆಯಿ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತು ಅವ್ವನ ಅಂಗೈಯನ್ನೇ ನೋಡಿದರು. ಆಮೇಲೆ ತುಳಸಿಮಾಲೆಯನ್ನು ತೆಗೆದು ನನ್ನ ಕೊರಳಿಗೆ ಹಾಕಿ, ಇನ್ನೊಂದು ಬೇರಿಂಗನ್ನು ತಾವೇ ಎತ್ತಿಕೊಂಡರು. ಅಪ್ಪ ಬೇಡ ಬೇಡ ಅಂದ. ಆಯಿ ಕೇಳಬೇಕಲ್ಲ. ಅಂಗೈಗೆ ಗ್ರೀಸು ಹಾಕಿಕೊಂಡು ಒತ್ತಿದರು, ತಿರುವಿದರು, ಮತ್ತೆ ಒತ್ತಿದರು. ಅವ್ವ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಎಲ್ಲೂ ಪೊಳ್ಳಿರಲಿಲ್ಲ.

"ಭಾಕರೀಚಾ ಹಾತ ಆಹೆ, ಬಾಈ," ಅಂದರು ಆಯಿ. ಭಾಕರಿ, ಅಂದರೆ ನಮ್ಮ ರೊಟ್ಟಿಯೇ, ಬಡಿದ ಕೈ ಇದು ಅಂತ.

ಅವ್ವ ನಕ್ಕಳು. ಅವಳಿಗೂ ಆಯಿಗೂ ನಡುವೆ ಭಾಷೆ ಕಡಿಮೆ, ಉಳಿದದ್ದೆಲ್ಲ ಇತ್ತು. ಆ ಎರಡು ಗಾಲಿಗಳಲ್ಲಿ ಒಂದರೊಳಗೆ ರೊಟ್ಟಿ ಬಡಿದ ಕೈಯ ಗ್ರೀಸು, ಇನ್ನೊಂದರೊಳಗೆ ಭಾಕರಿ ಬಡಿದ ಕೈಯದು.

ಶೂ ಮುಚ್ಚುವ ಮೊದಲು ಹಿಟ್ಟು ಬೇಕಾಯಿತು. ನಾನು ಮುಸುರೆ ಮಾಡಿದ ಡಬ್ಬಿಯನ್ನು ಅಜ್ಜಿ ಎಮ್ಮೆಗೆ ಸುರಿದಿರಬೇಕು ಅಂದುಕೊಂಡು ಯಾರೂ ಕೇಳಲು ಹೋಗಲಿಲ್ಲ. ಅಜ್ಜಿ ತಾನೇ ಬಂದಳು. ಪೂಜೆಗೆಂದು ತೊಳೆದಾಗ ಬಿಟ್ಟರೆ ಜೀವಮಾನದಲ್ಲಿ ಮಡಿಯಲ್ಲಿ ಶೆಡ್ಡಿನೊಳಗೆ ಕಾಲಿಡದವಳು ಗಾಲಿ, ಜಾಕು, ಸೀಮೆಎಣ್ಣೆಯ ಬೋಗುಣಿ ಎಲ್ಲ ದಾಟಿ ಬಂದು, ಇಡೀ ಡಬ್ಬಿಯನ್ನೇ ಅವ್ವನ ಪಕ್ಕದಲ್ಲಿ ಇಟ್ಟಳು.

"ಇದು ಇನ್ನ ಇಲ್ಲೇ ಇರ್ಲಿ. ಗಾಲಿ ಹಿಟ್ಟು. ನಾ ಬ್ಯಾರೆ ಬೀಸಿಕೋತೀನಿ."

ಅವ್ವ ಉದುರಿಸಿದಳು, ನಾನು ಊದಿದೆ. ನಾಲ್ಕೂ ಸಲ ಹಿಟ್ಟು ಹಾರಿ ದತ್ತೂಭಾವೂನ ಮೀಸೆಯ ಮೇಲೆ ಕೂತಿತು.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಸಿದ್ಧವಾಯಿತು. ಹಳಿಯ ಆಚೆ ಒಂದು ಇಳಿಜಾರಿದೆ, ಅಪ್ಪ ಎಲ್ಲ ಗಾಡಿಯನ್ನೂ ಅಲ್ಲಿಯೇ ಪರೀಕ್ಷಿಸುವುದು. ದತ್ತೂಭಾವೂ ತಾಯಿಯನ್ನು ಕೆಳಗೆ ಇಳಿಯಲು ಹೇಳಿದ. ಆಯಿ ಗೋಣಿಚೀಲದ ಮೇಲೆ ಕೂತವರು ಏಳಲಿಲ್ಲ. ನಾನೇ ತುಂಬಿದ ಗಾಲಿ, ನಾನೇ ಕೂರುತ್ತೇನೆ ಅಂದರು. ಟ್ರ್ಯಾಕ್ಟರು ಇಳಿಜಾರಿಗೆ ಬಿತ್ತು, ವೇಗ ಹಿಡಿಯಿತು. ದತ್ತೂಭಾವೂ ಕಾಲೊತ್ತಿದ. ಹಿಂದಿನ ಟ್ರೇಲರು ಒಮ್ಮೆ ಮುಂದಕ್ಕೆ ಒತ್ತಿ, ಗಕ್ಕನೆ ಹಿಡಿದು ನಿಂತಿತು. ಎರಡೂ ಟೈರಿನ ಗುರುತು ಮಣ್ಣಿನಲ್ಲಿ ಸರಿಸಮ. ಆಯಿ ಮೇಲಿನಿಂದಲೇ ಕೈ ಬೀಸಿದರು. ಅಪ್ಪ ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡ.

ಹೊತ್ತು ಮೀರಿತ್ತು, ಬೆಳಿಗ್ಗೆ ಹೋಗೋಣ ಎಂದು ಅವರು ಅವತ್ತು ನಮ್ಮಲ್ಲೇ ಉಳಿದರು. ಸಂಜೆ ಬನ್ನಿ ಹಂಚುವ ಹೊತ್ತು. ದಸರೆಗೆ ನಾವು ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತೇವೆ, ಇಲ್ಲಿಯ ಮಂದಿ ಆಪಟೆಯ ಎಲೆ ಕೊಟ್ಟು ಅದನ್ನೇ ಅನ್ನುತ್ತಾರೆ. ಚಿಕ್ಕವರು ದೊಡ್ಡವರಿಗೆ ಕೊಟ್ಟು ಕಾಲು ಮುಟ್ಟುವುದು ಎರಡೂ ಕಡೆಯ ರೀತಿ. ದತ್ತೂಭಾವೂ ಎಲೆ ಹಿಡಿದು ಬಂದವನು ಅಜ್ಜಿಯನ್ನು ದಾಟಿ, ಅಪ್ಪನನ್ನು ದಾಟಿ, ಮೊದಲು ನನ್ನ ಮುಂದೆ ನಿಂತ. "ಸೋನಂ ಘೆ, ತಾಈ," ಎಂದು ನನ್ನ ಕೈಗೆ ಎಲೆ ಇಟ್ಟ. ಬಂಗಾರ ತಗೋ, ಅಕ್ಕಾ. ನಾನು ಅವ್ವನ ಹಿಂದೆ ಅಡಗಿಕೊಂಡೆ. ಅವನು ಮುಂದಿನ ವರ್ಷವೂ ಬಂದ, ಅದರ ಮುಂದಿನ ವರ್ಷವೂ, ತನ್ನ ಕಡೆಯ ಇನ್ನೂ ನಾಲ್ಕು ಗಾಡಿಗಳನ್ನು ಜೊತೆಗೆ ಹೊಡೆಸಿಕೊಂಡು.

ಅವತ್ತು ಮಲಗುವ ಮೊದಲು ಅವ್ವ ನನ್ನ ಕೈಗಳನ್ನು ಹಿಟ್ಟು ಹಾಕಿ ತಿಕ್ಕಿ ತೊಳೆದಳು. ಇಡೀ ದಿನ ಅವಳು ನನ್ನನ್ನು ಬೈದಿರಲಿಲ್ಲ, ಹೊಗಳಿಯೂ ಇರಲಿಲ್ಲ.

"ಹೇಳಬೇಕಂದ್ರ ಅಂಜಿಕಿ ಬಂತೇನು?"

"ಭಾಳ."

"ಬರಬೇಕು," ಅಂದಳು. "ಬರಲಿಲ್ಲಂದ್ರ ಗಾಲಿ ಮುಟ್ಟಬಾರದು."

ಮರುವರ್ಷ ಖಂಡೇನವಮಿ ಬಂತು. ಕಂಬಳಿ ಹಾಸಿದರು, ಉಪಕರಣ ಸಾಲಾಗಿ ಇಟ್ಟರು. ಆ ಸಲವೂ ಯಾರದೋ ಗಾಡಿಯ ಹೊಸ ಶೂಗಳು ಸಾಲಿನ ಕೊನೆಗೆ ಇದ್ದವು. ಎಣ್ಣೆಯ ಬಟ್ಟಲು ಇನ್ನು ಈ ಜನ್ಮದಲ್ಲಿ ನನ್ನ ಕೈಗೆ ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ನಾನು ಹೊಸ್ತಿಲ ಮೇಲೆ ಕೂತು ಚೆಂಡುಹೂವು ಪೋಣಿಸುತ್ತಿದ್ದೆ, ಆ ಕಡೆ ನೋಡಲೂ ಇಲ್ಲ. ಅವ್ವ ಅಡಿಗೆಮನೆಯಿಂದ ಬಂದವಳು ಕುಸುಬಿ ಎಣ್ಣೆಯ ಬಟ್ಟಲನ್ನು ನನ್ನ ಮಡಿಲಿಗೆ ಇಟ್ಟಳು. ಎಲ್ಲಾಕ್ಕೂ ಹಚ್ಚು ಅನ್ನಲಿಲ್ಲ, ಯಾವುದಕ್ಕೆ ಬಿಡಬೇಕು ಅಂತಲೂ ಅನ್ನಲಿಲ್ಲ. ಇಟ್ಟು ರೊಟ್ಟಿ ಬಡಿಯಲು ಒಳಗೆ ಹೋದಳು. ನಾನು ಹಚ್ಚುತ್ತ ಹಚ್ಚುತ್ತ ಮೂರು ಸಲ ತಿರುಗಿ ನೋಡಿದೆ. ಒಂದು ಸಲವೂ ಅವಳು ಬಾಗಿಲಿಗೆ ಬಂದು ಇಣುಕಲಿಲ್ಲ.